ಸೊನ್ನೆಯೂ ಒಂದೂ ಒಂದೇ

ಕಚೇರಿಯಲ್ಲಿ ಅವಳಿಗೆ ‘ಕೊಕ್ಕೆ’ ಎಂದು ಹೆಸರು ಬಿದ್ದು ಎಷ್ಟೋ ಕಾಲವಾಗಿತ್ತು. ರೈಲು ಸಿಗ್ನಲ್ಲುಗಳಿಗೆ ಚಿಪ್ ಮಾಡುವ ಕಂಪನಿ ಅದು. ಉಳಿದವರು ವಿನ್ಯಾಸ ಮಾಡುತ್ತಿದ್ದರು, ಅವಳು ಕೊಕ್ಕೆ ತೆಗೆಯುತ್ತಿದ್ದಳು. ತೆಗೆಯುವುದಕ್ಕೇ ಅವಳಿಗೆ ಸಂಬಳ. ಚಿಪ್ ಕಾರ್ಖಾನೆಗೆ ಹೋಗುವ ಮೊದಲು, ಅದು ಯಾವ ಸಂದರ್ಭದಲ್ಲೂ ತಪ್ಪುವುದಿಲ್ಲ ಎಂದು ಗಣಿತದಿಂದ ರುಜುವಾತು ಮಾಡಬೇಕು. ಆ ರುಜುವಾತಿನ ಒಂದೊಂದು ಹೆಜ್ಜೆಯನ್ನೂ ಕಂಪ್ಯೂಟರ್ ಪರಿಶೀಲಿಸಿ ಒಪ್ಪಬೇಕು. ಒಪ್ಪದಿದ್ದರೆ ಎಲ್ಲೋ ಹುಳುಕಿದೆ ಎಂದೇ ಅರ್ಥ. ಹುಳುಕು ಸಿಕ್ಕಿದ ದಿನ ಅವಳು ತನ್ನಷ್ಟಕ್ಕೆ ಹಾಡು ಗುನುಗುತ್ತಿದ್ದಳು. ಅದು ಕಿವಿಗೆ ಬಿದ್ದರೆ ವಿನ್ಯಾಸಗಾರರಿಗೆ ಕೈಕಾಲು ತಣ್ಣಗಾಗುತ್ತಿತ್ತು.

ಒಂದು ಬೆಳಿಗ್ಗೆ ಮ್ಯಾನೇಜರ್ ಅವಳ ಮೇಜಿನ ಮೇಲೆ ಒಂದು ಪೇಪರ್ ತಂದಿಟ್ಟರು.

“ಹಳೇ ಪೇಪರ್, ಆದ್ರೆ ಈ ಸಲದ ದೊಡ್ಡ ಪ್ರಶಸ್ತಿ ಇದಕ್ಕೇ ಅಂತೆ. ಇಷ್ಟು ವರ್ಷ ಎಲ್ರೂ ಹೊಗಳಿದ್ದೇ ಬಂತು, ಯಾರೂ ಇದನ್ನ ಚಿಪ್ ಆಗಿ ಕಟ್ಟಿಲ್ಲ. ನಾವು ಕಟ್ಟೋಣ ಅಂತಿದ್ದೀವಿ. ನೀವೊಂದ್ಸಲ ಜಾಲಾಡಿಬಿಡಿ.”

ಹೆಸರುಗಳನ್ನು ನೋಡಿದ ಕೂಡಲೇ ಅವಳ ಕಿವಿ ಬಿಸಿಯಾಯಿತು. ಮೊದಲ ಹೆಸರು ಅವಳ ಹಳೆಯ ಪ್ರೊಫೆಸರರ ಅಳಿಯನದು, ಎರಡನೆಯದು ಪ್ರೊಫೆಸರರದು. ಕೊನೆಯ ಪುಟದಲ್ಲಿ, ಬೆರಳಚ್ಚಿಗೆ ನೆರವಾದವರಿಗೆ ಕೃತಜ್ಞತೆ ಎಂಬ ಸಾಲಿನಲ್ಲಿ, ಅವಳ ಹೆಸರು.

ಆ ರುಜುವಾತನ್ನು ಕಟ್ಟಿದವಳೇ ಅವಳು. ಪ್ರೊಫೆಸರರ ಕೈಕೆಳಗೆ ಸಂಶೋಧನೆ ಮಾಡುತ್ತಿದ್ದ ದಿನಗಳು. ನದಿಯ ಮೇಲೆ ಒಂದೇ ಹಳಿಯ ಸೇತುವೆ. ಎರಡೂ ದಡದಲ್ಲಿ ಒಂದೊಂದು ಸಿಗ್ನಲ್ ಪೆಟ್ಟಿಗೆ. ಎರಡೂ ಕಡೆ ಒಟ್ಟಿಗೆ ಹಸಿರು ದೀಪ ಬರಲೇಬಾರದು. ಅವಳ ವಿನ್ಯಾಸದಲ್ಲಿ ಈಚೆ ಪೆಟ್ಟಿಗೆ ಆಚೆಯದನ್ನು ಕೇಳಬೇಕು, ಉತ್ತರ ಬರುವವರೆಗೆ ಕಾಯಬೇಕು, ಆಮೇಲೆ ಹಸಿರು. ಪ್ರೊಫೆಸರರಿಗೆ ಆ ಕಾಯುವಿಕೆ ಹಿಡಿಸಲಿಲ್ಲ. “ನಿಧಾನ ಆಗುತ್ತೆ ಕಣಮ್ಮ. ಬೇರೆಯವರಿಗಿಂತ ವೇಗ ಅಂತ ತೋರಿಸದಿದ್ರೆ ಯಾರು ಮೂಸಿ ನೋಡ್ತಾರೆ?” ಎಂದಿದ್ದರು. ತೆಗೆದರೆ ರುಜುವಾತೇ ನಿಲ್ಲುವುದಿಲ್ಲ ಎಂದು ಅವಳು ಹಟ ಹಿಡಿದಿದ್ದಳು.

ಅಷ್ಟರಲ್ಲಿ ಅಕ್ಕನ ಹೆರಿಗೆ ಕಷ್ಟವಾಗಿ, ತಾಯಿಯಿಲ್ಲದ ಮನೆಯಲ್ಲಿ ಬಾಣಂತನಕ್ಕೆ ಇವಳೇ ಹೋಗಬೇಕಾಯಿತು. ಆಸ್ಪತ್ರೆ, ಮಗು, ಅಕ್ಕನ ಜ್ವರ ಎಂದು ಮುಗಿಸಿ ಹಿಂತಿರುಗುವಷ್ಟರಲ್ಲಿ ಪೇಪರ್ ಅಚ್ಚಾಗಿ ಬಂದಿತ್ತು. ಸಂಸ್ಥೆಯಲ್ಲಿ ಎಲ್ಲರೂ ಬೆನ್ನ ಹಿಂದೆ ‘ಅಳಿಯ ದೇವರು’ ಎನ್ನುತ್ತಿದ್ದ ಆ ಮನುಷ್ಯ ಅವಳನ್ನು ಕಂಡದ್ದೇ ಮೆಟ್ಟಿಲಿಳಿದು ಬೇರೆ ದಾರಿ ಹಿಡಿದಿದ್ದ. ಪ್ರೊಫೆಸರರು ಮಾತ್ರ ಕನ್ನಡಕ ಒರೆಸುತ್ತಾ, “ನೀನು ಬಿಟ್ಟು ಹೋದೆ, ಅವನು ಮುಗಿಸಿದ. ಇಂಥದ್ದೆಲ್ಲ ಮನಸ್ಸಿಗೆ ಹಚ್ಕೋಬಾರ್ದು” ಎಂದಿದ್ದರು. ಅವಳು ಸಂಶೋಧನೆಯನ್ನು ಅಲ್ಲಿಗೇ ಕೈಬಿಟ್ಟು ಕೆಲಸಕ್ಕೆ ಸೇರಿದಳು. ಆ ಪೇಪರನ್ನು ಮತ್ತೆ ತೆರೆಯಲಿಲ್ಲ. ಮರೆತಳು ಎಂದಲ್ಲ, ನೆನೆದಾಗಲೆಲ್ಲ ಒಳಗೆ ಹಲ್ಲು ಕಡಿಯುತ್ತಿದ್ದಳು.

ಈಗ ಸಂಬಳ ಕೊಟ್ಟು ತೆರೆಸುತ್ತಿದ್ದಾರೆ!

ಪೇಪರಿನ ಜೊತೆಗೆ ಯಂತ್ರ ಒಪ್ಪಿದ ಪೂರ್ತಿ ರುಜುವಾತೂ ಇತ್ತು. ಸಾವಿರಾರು ಸಾಲುಗಳ ಆ ಗೊಂಡಾರಣ್ಯಕ್ಕೆ ಯಾರೂ ಕಾಲಿಟ್ಟಂತಿರಲಿಲ್ಲ. ಕಂಪ್ಯೂಟರ್ ಹೂಂ ಎಂದ ಮೇಲೆ ಓದುವ ಕಷ್ಟ ಯಾರಿಗೆ ಬೇಕು? ಕೊಕ್ಕೆ ಓದಿದಳು. ತನ್ನದೇ ಸಾಲುಗಳು, ತಾನಿಟ್ಟ ಹೆಸರುಗಳು, ತನ್ನ ಒಂದು ಕಾಗುಣಿತದ ತಪ್ಪು ಕೂಡ ಹಾಗೆಯೇ. ಕಾಯುವ ಹೆಜ್ಜೆ ಮಾತ್ರ ಮಾಯ. ಅದು ಹೋದ ಮೇಲೆ ರುಜುವಾತು ಹೇಗೆ ನಿಂತಿತು ಎಂದು ಹುಡುಕುತ್ತಾ ಹೋದವಳಿಗೆ ಒಂದು ಕಡೆ ಒಂದು ಗೃಹೀತ ಸಿಕ್ಕಿತು. ಇದನ್ನು ಸಾಧಿಸಬೇಕಿಲ್ಲ, ಸುಮ್ಮನೆ ನಿಜವೆಂದು ಹಿಡಿದುಕೋ ಎಂದು ಯಂತ್ರಕ್ಕೆ ಹೇಳುವ ಸಾಲು. ಎರಡು ದಡದಿಂದ ಹೊರಟ ಸಂದೇಶಗಳು ದಾರಿಯಲ್ಲಿ ಎಂದೂ ಒಂದನ್ನೊಂದು ದಾಟಿ ಹೋಗುವುದಿಲ್ಲ ಎಂದು ಅಲ್ಲಿ ಬರೆದಿತ್ತು. ಆದರೆ ಅದೇ ರುಜುವಾತಿನ ಆರಂಭದಲ್ಲಿ, ದಾಟಿ ಹೋಗಬಹುದು ಎಂದು ಅವಳೇ ಬರೆದದ್ದೂ ಉಳಿದುಕೊಂಡಿತ್ತು. ಆಗುತ್ತದೆ, ಆಗುವುದಿಲ್ಲ ಎರಡನ್ನೂ ನಿಜವೆಂದು ಒಪ್ಪಿಸಿಬಿಟ್ಟರೆ ಪಾಪದ ಯಂತ್ರ ಆಮೇಲೆ ಏನು ಹೇಳಿದರೂ ತಲೆಯಾಡಿಸುತ್ತದೆ.

ಅವಳು ಕುರ್ಚಿಗೆ ಒರಗಿದಳು. ಆ ದಿನ ಅವಳ ಹಾಡು ಪಕ್ಕದ ಕೋಣೆಗೂ ಕೇಳಿಸಿತು.

ಅವತ್ತೇ ಮ್ಯಾನೇಜರಿಗೆ ಹೇಳಿದಳು. “ಇದನ್ನ ಕಟ್ಟಬೇಡಿ. ಎರಡೂ ಕಡೆಯಿಂದ ಒಟ್ಟಿಗೆ ಕೇಳಿದ್ರೆ ಎರಡೂ ಕಡೆ ಹಸಿರು ಬೀಳುತ್ತೆ. ಸೇತುವೆ ಮಧ್ಯೆ ರೈಲುಗಳು ಮುಖಾಮುಖಿ.”

ಮ್ಯಾನೇಜರ್ ಪೇಪರನ್ನು ತಮ್ಮ ಕಡೆ ಎಳೆದುಕೊಂಡರು. “ಬರೆದೋರಿಗೊಂದು ಮಾತು ಹೇಳ್ಬೇಕಲ್ವಾ?”

“ಹೇಳ್ತೀನಿ. ಎದುರೆದುರೇ ಹೇಳ್ತೀನಿ. ಪ್ರಶಸ್ತಿ ಕೊಡೋ ದಿನ ಕಂಪನಿ ಕಡೆಯಿಂದ ಎರಡು ಮಾತಾಡಿ ಅಂತ ನಿಮ್ಮನ್ನ ಕರೆದಿದ್ದಾರಲ್ಲ? ನಾನು ಹೋಗ್ತೀನಿ.”

ಮ್ಯಾನೇಜರ್ ಅವಳ ಮುಖ ನೋಡಿದರು. ಆಹ್ವಾನ ಪತ್ರವನ್ನು ತೆಗೆದು ಅವಳ ಕೈಗೆ ಕೊಟ್ಟರು.

ಗುಟ್ಟಾಗಿ ಹೇಳಿದರೆ ಏನಾಗುತ್ತದೆಂದು ಅವಳಿಗೆ ಗೊತ್ತಿತ್ತು. ಎಲ್ಲೋ ಮೂಲೆಯಲ್ಲಿ ಒಂದು ಸಾಲಿನ ತಿದ್ದುಪಡಿ ಹಾಕಿ ಕೈತೊಳೆದುಕೊಳ್ಳುತ್ತಾರೆ. ಹಾರ ಅವರ ಕೊರಳಲ್ಲೇ ಇರುತ್ತದೆ. ಅದು ಬೇಡ.

ಕಂಪನಿ ಹಿಂದೆ ಸರಿದಿದೆ, ಸಭೆಯಲ್ಲಿ ಮಾತಾಡುವವಳು ಅವಳೇ ಎಂಬ ಸುದ್ದಿ ಹೇಗೋ ಅಳಿಯನಿಗೆ ಮುಟ್ಟಿತು. ಒಂದು ಮಧ್ಯಾಹ್ನ ಅವನೇ ಅವಳ ಕಚೇರಿಯ ಕ್ಯಾಂಟೀನಿಗೆ ಬಂದ. ಕೂದಲು ಉದುರಿ ಗುರುತೇ ಸಿಗದಂತಾಗಿದ್ದ. ಕಾಫಿ ತಂದು ಅವಳ ಮುಂದಿಟ್ಟ, ಅವಳು ಮುಟ್ಟಲಿಲ್ಲ.

“ಆ ಗೃಹೀತ ನೋಡಿದ್ರಾ?”

“ನೋಡಿದೆ.”

“ನಾನೇ ಹಾಕಿದ್ದು. ಮಾವ ಕಾಯೋ ಹೆಜ್ಜೆ ತೆಗಿ ಅಂದ್ರು, ತೆಗೆದೆ. ಆಮೇಲೆ ಎಷ್ಟು ಒದ್ದಾಡಿದ್ರೂ ರುಜುವಾತು ಮುಗೀಲಿಲ್ಲ. ಆಗಲ್ಲ ಅಂತ ಅವರ ಮುಂದೆ ಬಾಯಿ ಬಿಡೋಕೆ ಧೈರ್ಯ ಬರ್ಲಿಲ್ಲ. ಆಗ ತಾನೇ ಮದುವೆ ಆಗಿತ್ತು.” ಅವನು ತನ್ನ ಲೋಟವನ್ನು ಪಕ್ಕಕ್ಕೆ ಸರಿಸಿದ. “ಅವರಿಗೆ ಇವತ್ತಿಗೂ ಗೊತ್ತಿಲ್ಲ.”

“ಗೊತ್ತಿಲ್ಲ ಅಂದ್ರೆ? ಅವರ ಹೆಸರಿದೆಯಲ್ಲ ಅದರ ಮೇಲೆ?”

“ಅವರು ಓದಿಲ್ಲ.”

ಇಷ್ಟು ವರ್ಷ ಅವಳು, ತನ್ನ ಕೆಲಸದ ಬೆಲೆ ಗೊತ್ತಿದ್ದೇ ಅವರು ಕದ್ದರು ಎಂದುಕೊಂಡಿದ್ದಳು. ಕದ್ದದ್ದನ್ನು ಬಿಚ್ಚಿ ಕೂಡ ನೋಡಿರಲಿಲ್ಲ!

“ತಿದ್ದಿದ ಪೇಪರ್ ಹಾಕೋಣ,” ಎಂದ ಅವನು, ದನಿ ಇಳಿಸಿ. “ನಿಮ್ಮ ಹೆಸರು ಮೊದಲು. ಮಾವನ್ನ ಒಪ್ಪಿಸೋದು ನನಗೆ ಬಿಡಿ. ಸಭೆಯಲ್ಲಿ ಮಾತ್ರ ಏನೂ ಹೇಳ್ಬೇಡಿ.”

ಯಾವುದೋ ಕಾಲದಲ್ಲಿ ಈ ಮಾತಿಗಾಗಿ ಅವಳು ಏನು ಬೇಕಾದರೂ ಕೊಡುತ್ತಿದ್ದಳು. ಈಗ ಅದು ಮೇಜಿನ ಮೇಲಿದ್ದ ಕಾಫಿಯಷ್ಟೇ ತಣ್ಣಗಿತ್ತು.

“ನಿಮ್ಮ ಮಾವನಿಗೆ ನೀವೇ ಹೋಗಿ ಹೇಳಿ,” ಎಂದಳು ಎದ್ದು. “ಇನ್ನೂ ಸಮಯ ಇದೆ. ನೀವು ಹೇಳಿದ್ರೆ ನಾನು ಬಾಯಿ ಬಿಡಲ್ಲ.”

ಅವನು ಹೇಳುವುದಿಲ್ಲ ಎಂದು ಅವಳಿಗೆ ಖಾತ್ರಿಯಿತ್ತು. ಅದಕ್ಕೇ ಅಷ್ಟು ಧಾರಾಳವಾಗಿ ಅಂದದ್ದು.

ಪ್ರಶಸ್ತಿಯ ದಿನ ಸಭಾಂಗಣ ತುಂಬಿತ್ತು. ಪ್ರೊಫೆಸರರು ಬೂದು ಬಣ್ಣದ ಕೋಟು ತೊಟ್ಟು, ಯಂತ್ರ ಸಾಕ್ಷಿ ಹೇಳಿದ ಮೇಲೆ ಮನುಷ್ಯ ಸಂಶಯಪಡಬೇಕಾಗಿಲ್ಲ ಎಂದು ಚೆಂದವಾಗಿ ಮಾತಾಡಿದರು. ಚಪ್ಪಾಳೆ ಬಿತ್ತು. ಕಂಪನಿಯ ಕಡೆಯವರು ಬರಬೇಕೆಂದಾಗ ಅವಳು ಎದ್ದಳು. ಪ್ರೊಫೆಸರರು ಒಂದು ಕ್ಷಣ ತಬ್ಬಿಬ್ಬಾಗಿ, ಮರುಕ್ಷಣವೇ ಮುಖವರಳಿಸಿ ಮೈಕಿನಲ್ಲೇ ಹೇಳಿದರು: “ಇವಳು ನನ್ನ ಹಳೇ ವಿದ್ಯಾರ್ಥಿನಿ. ಮಗಳಿದ್ದ ಹಾಗೆ.”

“ಸರ್ ಅವರ ಪ್ರಮೇಯ ತುಂಬಾ ಶಕ್ತಿಶಾಲಿ,” ಎಂದು ಅವಳು ಶುರುಮಾಡಿದಳು. “ಎಷ್ಟು ಶಕ್ತಿಶಾಲಿ ಅಂದ್ರೆ, ಅದನ್ನಿಟ್ಟುಕೊಂಡು ನಾನು ಇನ್ನೊಂದು ಹೊಸ ಪ್ರಮೇಯ ಸಾಧಿಸಿದ್ದೀನಿ. ಇಲ್ಲೇ, ನಿಮ್ಮೆದುರಿಗೇ ಯಂತ್ರಕ್ಕೆ ಕೊಡ್ತೀನಿ.”

ಪರದೆಯ ಮೇಲೆ ಒಂದೇ ಸಾಲು ಮೂಡಿತು: ಸೊನ್ನೆ ಒಂದಕ್ಕೆ ಸಮ. ಕೆಳಗೆ ಯಂತ್ರದ ಹಸಿರು ಗುರುತು. ಒಪ್ಪಿದೆ.

ಮೊದಲು ಯಾರೋ ನಕ್ಕರು. ಆಮೇಲೆ ನಗು ಅಲ್ಲಲ್ಲೇ ನಿಂತಿತು. ಮುಂದಿನ ಸಾಲಿನಲ್ಲಿದ್ದ ಹಿರಿಯ ವಿಜ್ಞಾನಿಯೊಬ್ಬರು ಕನ್ನಡಕ ಏರಿಸಿ ಮುಂದಕ್ಕೆ ಬಾಗಿದರು. ಆಗ ಅವಳು ಆ ಗೃಹೀತವನ್ನೂ ಅದಕ್ಕೆ ತದ್ವಿರುದ್ಧವಾದ ಆರಂಭದ ಸಾಲನ್ನೂ ತೋರಿಸಿದಳು. ಸೇತುವೆಯ ಚಿತ್ರ ತೋರಿಸಿದಳು. ಎರಡು ಸಂದೇಶಗಳು ದಾರಿಯಲ್ಲಿ ಒಂದನ್ನೊಂದು ದಾಟಿದವು, ಎರಡೂ ದಡದಲ್ಲಿ ಹಸಿರು ದೀಪ ಹತ್ತಿತು, ಎರಡು ರೈಲು ಹೊರಟವು. ದನಿ ಏರಿಸಲಿಲ್ಲ. ಕೊನೆಗೆ ಪ್ರೊಫೆಸರರ ಕಡೆ ತಿರುಗಿ, “ಈ ಸಾಲು ಯಾಕೆ ಬೇಕಾಯ್ತು ಅಂತ ಸಭೆಗೆ ವಿವರಿಸ್ತೀರಾ ಸರ್?” ಎಂದು ಮೈಕನ್ನು ಅವರ ಕೈಗೆ ಕೊಟ್ಟಳು.

ಅವರು ಪರದೆಯನ್ನು ನೋಡಿದರು. ಅದನ್ನು ಮೊದಲ ಸಲ ನೋಡುತ್ತಿದ್ದಾರೆ ಎಂಬುದು ಹಿಂದಿನ ಸಾಲಿನವರಿಗೂ ತಿಳಿಯಿತು. ಅಳಿಯ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದ. ಅವಳಿಗೆ ನೀರು ಕುಡಿದಷ್ಟು ಹಿತವಾಯಿತು.

ಹೊರಗೆ ಕಾರಿಡಾರಿನಲ್ಲಿ ಪ್ರೊಫೆಸರರು ಅವಳನ್ನು ತಡೆದರು. ಕೋಟಿನ ಗುಂಡಿ ಬಿಚ್ಚಿಹೋಗಿತ್ತು. “ಒಳಗೆ ಕರೆದು ಒಂದು ಮಾತು ಹೇಳ್ಬಹುದಿತ್ತಲ್ಲಮ್ಮ.”

“ನನ್ನ ಹೆಸರು ತೆಗೆಯೋವಾಗ ನನ್ನನ್ನ ಒಳಗೆ ಕರೆದು ಹೇಳಿದ್ರಾ ಸರ್?”

ಪ್ರಶಸ್ತಿ ಹಿಂದಕ್ಕೆ ಹೋಯಿತು. ಅಳಿಯ ಕೆಲಸ ಬಿಟ್ಟ. ಪ್ರೊಫೆಸರರ ಕೋಣೆಯ ಬಾಗಿಲಿಗೆ ಬೇರೊಬ್ಬರ ಫಲಕ ಬಂತು.

ಮಳೆಗಾಲ ಮುಗಿಯುವ ಹೊತ್ತಿಗೆ ಅವರೇ ಅವಳ ಕಂಪನಿಗೆ ಬಂದರು. ಸ್ವಾಗತ ಕೋಣೆಯ ಸೋಫಾದ ಅಂಚಿನಲ್ಲಿ, ಕೆಲಸ ಕೇಳಲು ಬಂದವರಂತೆ ಕೂತಿದ್ದರು. ಕಾಯುವ ಹೆಜ್ಜೆಯನ್ನು ಮತ್ತೆ ಸೇರಿಸಿ ರುಜುವಾತನ್ನು ತಾವೇ ಕಟ್ಟಲು ಹೊರಟಿದ್ದರಂತೆ. ಒಂದು ಕಡೆ ಸಿಕ್ಕಿಕೊಂಡಿದ್ದರು.

“ಪ್ರಕಟಿಸೋಕಲ್ಲ. ನನಗೇ ಅರ್ಥ ಆಗ್ಬೇಕು, ಅಷ್ಟೇ. ನಿದ್ದೆ ಬರ್ತಿಲ್ಲ,” ಎಂದು ಹಾಳೆಗಳನ್ನು ಚಾಚಿದರು.

ಅವಳು ನೋಡಿದಳು. ಎಲ್ಲಿ ಎಡವಿದ್ದಾರೆಂಬುದು ಕಣ್ಣಿಗೆ ರಾಚುವಂತಿತ್ತು. ಬೆರಳಿಟ್ಟು ತೋರಿಸಿದರೆ ಮುಗಿಯುತ್ತಿತ್ತು. ಹಾಳೆಗಳನ್ನು ಜೋಡಿಸಿ ಅವರ ಕೈಗೇ ಕೊಟ್ಟಳು.

“ತುಂಬಾ ಹತ್ತಿರ ಬಂದಿದ್ದೀರಿ ಸರ್,” ಎಂದಳು. “ಪ್ರಯತ್ನ ಬಿಡ್ಬೇಡಿ.”

ಆ ಭಾನುವಾರ ಅಕ್ಕನ ಮನೆಯಲ್ಲಿ ಇದನ್ನೆಲ್ಲ ಹೇಳಿದಾಗ ಅಕ್ಕ ಬಟ್ಟೆ ಮಡಚುತ್ತಿದ್ದಳು. ತನ್ನ ಬಾಣಂತನದಿಂದಲೇ ತಂಗಿಯ ಬದುಕು ದಾರಿ ತಪ್ಪಿತು ಎಂದು ಒಳಗೊಳಗೇ ಕೊರಗಿದವಳು ಅವಳು.

“ಹೇಳಿಕೊಡಬಹುದಿತ್ತಲ್ಲೇ. ವಯಸ್ಸಾದೋರು.”

“ಹೇಳಿಕೊಡಬಹುದಿತ್ತು.”

“ಮತ್ತೆ?”

“ಮನಸ್ಸು ಬರ್ಲಿಲ್ಲ ಅಕ್ಕ. ಮುಂದಿನ ತಿಂಗಳು ನನ್ನ ಪೇಪರ್ ಬರುತ್ತೆ, ನನ್ನೊಬ್ಬಳ ಹೆಸರಲ್ಲಿ. ಎಲ್ರ ಹಾಗೆ ಅವರೂ ಅದನ್ನೇ ಓದಿ ತಿಳ್ಕೊಳ್ಳಲಿ.”

ಅಕ್ಕ ಕೈಯಲ್ಲಿದ್ದ ಬಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ತಂಗಿಯನ್ನೇ ನೋಡಿದಳು. “ಅಂತೂ ಹೊಟ್ಟೆ ತಣ್ಣಗಾಯ್ತಾ?”

ಸುಳ್ಳು ಹೇಳಲು ಅವಳಿಗೆ ಇಷ್ಟವಾಗಲಿಲ್ಲ.

“ಮುಕ್ಕಾಲು ಪಾಲು ಆಯ್ತು,” ಎಂದಳು. ಉಳಿದ ಕಾಲು ಪಾಲು ಎಂದಾದರೂ ಆದೀತೇ ಎಂದು ಅಕ್ಕ ಕೇಳಲಿಲ್ಲ. ಅವಳು ಅಕ್ಕನ ಪಕ್ಕ ಕೂತು ತಾನೂ ಒಂದು ಬಟ್ಟೆ ಎಳೆದುಕೊಂಡಳು.