ಓ ಅನ್ನುವವರು

ಲಗಮವ್ವ ಚಿಲಕ ಹಾಕಿದಳು. ರತ್ನವ್ವ ತೆಗೆದಳು. ಲಗಮವ್ವ ಮತ್ತೆ ಹಾಕಿದಳು.

ಗಂಡ ಸತ್ತ ಹೆಣ್ಣುಮಗಳು ಅಳುವುದು ಬಿಟ್ಟು ಬಾಗಿಲು ಕಾಯುವುದನ್ನು ಇಳಕಲ್ಲಿನ ಆ ಓಣಿ ಎಂದೂ ಕಂಡಿರಲಿಲ್ಲ. ಪಡಸಾಲೆಯಲ್ಲಿ ರತ್ನವ್ವನ ಗಂಡ ಹುಚ್ಚೇಶನನ್ನು ಗೋಡೆಗೆ ಆನಿಸಿ ಕೂಡಿಸಿ, ಹಣೆಗೆ ವಿಭೂತಿ ಬಳಿದು, ರುಮಾಲು ಸುತ್ತುತ್ತಿದ್ದರು. ಚಿಲಕದಾಚೆ, ಮಗ್ಗದ ಕೋಣೆಯಲ್ಲಿ, ಅವನ ಹದಿನಾಲ್ಕರ ಮಗಳು ಶ್ರುತಿ ರಾಟಿ ತಿರುಗಿಸಿ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಮುಂಜಾನೆಯಾಗಿತ್ತು, ಮುಂಜಾನೆ ಅಂದರೆ ರಾಟಿ. ಮನೆಗೆ ಸಾವು ಬಂದಿದೆಯೆಂದು ಮುಂಜಾನೆಯೇನು ರಜೆ ಹಾಕುವುದಿಲ್ಲವಲ್ಲ.

"ಸತ್ತ ಮನ್ಯಾಗ ರಾಟಿ ತಿರುಗಸ್ತಾರನವಾ?" ಅಂದಳು ಲಗಮವ್ವ. ಅವಳು ಹುಚ್ಚೇಶನ ಅಕ್ಕ. ಅತ್ತು ಅತ್ತು ದನಿ ಬಿದ್ದಿತ್ತು, ಬುದ್ಧಿವಾದ ಬಿದ್ದಿರಲಿಲ್ಲ. "ಮಂದಿ ಏನಂದಾರು?"

"ಮಂದಿ ಹೊಸಾದೇನ ಅಂತಾರಕ್ಕ. ಹಳೇದನ್ನ ಅಂತಾರ."

"ಹಲಗಿ ಬಡಿಯೂ ಸಪ್ಪಳಕ್ಕ ಆಕಿ ಕೈ ಕಡಕೊಂಡು ಚೀರತಾಳ. ನಮ್ಮನಿ ಲಗ್ನದಾಗ ಏನಾತು, ಮರತಿಯೇನು? ಮಣ್ಣ ಮುಗಿಯೂತನಕ ಒಳಗಿರಲಿ. ಆಮ್ಯಾಲ ನಾ ಒಂದು ಮಠ ನೋಡೇನಿ. ಅನ್ನಾ ಹಾಕ್ತಾರ, ಇಟಗೊಂತಾರ."

"ಇಟಗೊಳ್ಳಾಕ ಆಕಿ ಏನ್ ಸಾಮಾನನಕ್ಕಾ?"

ಮಾತು ಬಿರುಸಾಗಿ ಬಂತು, ಆದರೆ ಚಿಲಕದ ಮೇಲಿದ್ದ ರತ್ನವ್ವನ ಕೈ ಸಡಿಲಾಗಿತ್ತು. ನಾದಿನಿಯ ಬಾಯಿಂದ ಬಂದದ್ದು ಅವಳದೇ ಅಂಜಿಕೆ. ಸೀರೆಯ ಒಡಲಿಗೂ ಸೆರಗಿಗೂ ಕೊಂಡಿ ಹಾಕಿ ಕೂಡಿಸುವುದು ಅವಳಿಗೆ ಕಣ್ಣು ಮುಚ್ಚಿದರೂ ಬರುತ್ತಿತ್ತು. ಮಗಳಿಗೂ ಜಗತ್ತಿಗೂ ಕೊಂಡಿ ಹಾಕುವುದು ಮಾತ್ರ ಗಂಡನ ಕೈಗೆಲಸ. ಆ ಕೈ ಈಗ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು.

*

ಹುಚ್ಚೇಶ ಹೆಸರಿನಲ್ಲೇ ಹುಚ್ಚು ಹೊತ್ತು ಹುಟ್ಟಿದವ. ಹರಕೆಯ ಹೆಸರು, ಹೊತ್ತವರು ಅಪ್ಪ-ಅವ್ವ, ಹೊರಬೇಕಾದವನು ಅವನು. ಓಣಿಯ ಹುಡುಗರು ಶ್ರುತಿಯನ್ನು ನೋಡಿ "ಹುಚ್ಚೀ" ಎಂದು ಕೂಗಿದರೆ ಮಗ್ಗದ ಕುಣಿಯೊಳಗಿಂದ ಇವನು "ಓ" ಅನ್ನುತ್ತಿದ್ದ.

"ಈ ಮನ್ಯಾಗ ಹುಚ್ಚ ಅಂದ್ರ ನಾ ಒಬ್ಬನ ಅದೇನಿ. ರೇಷನ್ ಕಾರ್ಡಿನ್ಯಾಗ ಐತಿ, ನೋಡ್ಕೊಳ್ರಿ. ಏನ್ ಬೇಕಿತ್ರಪಾ?"

ಕೂಗಿದವರಿಗೆ ಏನೂ ಬೇಕಿರುತ್ತಿರಲಿಲ್ಲ. ಓ ಅನ್ನುವವನು ಇದ್ದರೆ ಕೂಗುವುದರಲ್ಲಿ ಮಜಾ ಇಲ್ಲವೆಂದು ಅವರೂ ಒಬ್ಬೊಬ್ಬರಾಗಿ ಬಿಟ್ಟರು.

ತೊಂಬತ್ತೊಂಬತ್ತರಲ್ಲಿ ಶ್ರುತಿಗೆ ಆರು ವರ್ಷ. ಹೆಸರು ಹಿಡಿದು ಕರೆದರೆ ತಿರುಗಿ ನೋಡುತ್ತಿರಲಿಲ್ಲ. ಹೆಸರಿಗೆ ತಕ್ಕ ಹುಡುಗಿ, ಕಿವಿಗೆ ಬಿದ್ದದ್ದನ್ನೇ ತಿರುಗಿ ನುಡಿಯುತ್ತಿದ್ದಳು. "ಉಣ್ಣತಿಯೇನವಾ?" ಎಂದರೆ "ಉಣ್ಣತಿಯೇನವಾ?" ಮಹಾಕೂಟದ ಹೊಂಡದಲ್ಲಿ ಮುಳುಗಿಸಿದ್ದಾಯಿತು, ತಾಯಿತ ಕಟ್ಟಿದ್ದಾಯಿತು. ಕಡೆಗೆ ಹುಬ್ಬಳ್ಳಿಯ ಡಾಕ್ಟರು, "ಇದಕ್ಕ ಆಟಿಸಂ ಅಂತಾರ. ದೆವ್ವ ಅಲ್ಲ, ಶಾಪ ಅಲ್ಲ, ತಾಯಿ ತಪ್ಪೂ ಅಲ್ಲ. ಗುಳಿಗಿ ನುಂಗಿದ್ರ ಹೋಗೂದಲ್ಲ, ಆಕಿ ಜೋಡಿ ಕುಂತು ಕಲಸಬೇಕು," ಎಂದರು.

ಆ ಹೊಸ ಶಬ್ದವನ್ನು ಬಾಯಲ್ಲಿಟ್ಟುಕೊಂಡು ಹುಚ್ಚೇಶ ಊರಿಗೆ ಬಂದು, ಗೆಳೆಯ ಮುರ್ತುಜಸಾಬನ ಮುಂದೆ ಉಗುಳಿದ. ಮುರ್ತುಜಸಾಬನದು ಪೊಲೀಸ್ ಠಾಣೆಯ ಎದುರು ಚಹಾದಂಗಡಿ. ಹೀಗಾಗಿ ಅರ್ಧ ಕಾಯದೆ ಅವನ ಕೆಟಲಿಯಲ್ಲೇ ಕುದಿಯುತ್ತಿತ್ತು.

"ಇಸಮ ಅಂದ್ರ ಮನಶ್ಯಾ. ಪಂಚನಾಮಿಯೊಳಗ 'ಅಪರಿಚಿತ ಇಸಮ' ಅಂತ ಬರಿಯೂದಿಲ್ಲೇನು? ಆಟ-ಇಸಮ ಅಂದ್ರ ಆಟದ ಮನಶ್ಯಾ."

"ಹಂಗಾರ ಔಷಧ?"

"ಆಟ ಆಡು ಲೇ. ಮತ್ತೇನ್ ಐತಿ?"

ಅವತ್ತು ಸಂಜೆ ಹುಚ್ಚೇಶ ಮಗಳ ಎದುರು ಕುಕ್ಕರಗಾಲಲ್ಲಿ ಕುಳಿತು ಕರೆದ: "ಶ್ರುತೀ."

"ಶ್ರುತೀ," ಅಂದಳು ಅವಳು, ಗೋಡೆ ನೋಡುತ್ತ.

ಕರೆದವರಿಗೆ ಓ ಅನ್ನಬೇಕಾದದ್ದು ಧರ್ಮ. "ಓ," ಅಂದ ಹುಚ್ಚೇಶ.

ಹುಡುಗಿ ಗೋಡೆ ಬಿಟ್ಟು ಅವನ ಬಾಯನ್ನು ನೋಡಿದಳು. ತಾನಾಗಿ ಅಂದಳು, "ಶ್ರುತೀ." "ಓ." ಮತ್ತೆ, "ಶ್ರುತೀ." "ಓ." ಅಂದಿನಿಂದ ಅದೇ ಆಟ. ಅಂಜಿದಾಗ, ಹಸಿದಾಗ, ಬಸ್ಸು ಹಾರ್ನ್ ಹೊಡೆದಾಗ ಅವಳು ತನ್ನ ಹೆಸರನ್ನೇ ಕೂಗುವುದು, ಇವನು ಓ ಅನ್ನುವುದು. ಹುಚ್ಚಿ ಅಂದರೂ ಓ, ಶ್ರುತಿ ಅಂದರೂ ಓ. ಒಂದೇ ಅಕ್ಷರದಲ್ಲಿ ಹುಚ್ಚೇಶನ ಸಂಸಾರ ನಡೆಯಿತು.

ಮುಂದೆ ಬಾಗಲಕೋಟೆಯ ಶುಭದಾಬಾಯಿಯ ಸುದ್ದಿ ಸಿಕ್ಕಿತು. ಹೈಸ್ಕೂಲು ಟೀಚರು, ಅವರ ಮಗ ಸತ್ಯಬೋಧನೂ ಇಂಥವನೇ. ಇಂಥ ಮಕ್ಕಳ ತಂದೆತಾಯಿಯರನ್ನು ಐತವಾರ ಶಾಲೆಯ ಒಂದು ಕೋಣೆಯಲ್ಲಿ ಕೂಡಿಸುತ್ತಿದ್ದರು. ಹುಚ್ಚೇಶ ಮಗಳ ಹೆಗಲಿಗೆ ಚೀಲ ಹಾಕಿ ಅವಳ ಜೊತೆ ಬಸ್ಸು ಹತ್ತುವನು. ಅಮೀನಗಡದಲ್ಲಿ ಬಸ್ಸು ನಿಂತಾಗ ಕರದಂಟಿನ ಒಂದು ತುಂಡು ಅವಳ ಕೈಗೆ ಬರಬೇಕು. ಬರದಿದ್ದರೆ ಬಾಗಲಕೋಟೆಯೂ ಬರುತ್ತಿರಲಿಲ್ಲ.

ಆಟ-ಇಸಮನ ಕತೆ ಕೇಳಿ ಶುಭದಾಬಾಯಿ ಕಣ್ಣಲ್ಲಿ ನೀರು ಬರುವಂತೆ ನಕ್ಕಿದ್ದರು. "ಅರ್ಥ ಪೂರಾ ತಪ್ಪರಿ ಹುಚ್ಚೇಶಣ್ಣಾ. ಔಷಧ ಮಾತ್ರ ಬರೋಬ್ಬರಿ ಅದ."

ರತ್ನವ್ವ ಒಮ್ಮೆಯೂ ಹೋಗಿರಲಿಲ್ಲ. "ನನಗ್ಯಾಕ ಸಾಲಿ?" ಎಂದು ಮಗ್ಗಕ್ಕೆ ಇಳಿಯುತ್ತಿದ್ದಳು.

*

ಸುದ್ದಿ ತಿಳಿದು ಶುಭದಾಬಾಯಿ ಮೊದಲ ಬಸ್ಸಿಗೇ ಬಂದಿದ್ದರು. ಹುಚ್ಚೇಶನಿಗೆ ಕೈಮುಗಿದು ನೇರ ಚಿಲಕದ ಬಳಿ ಬಂದು ಕೇಳಿದರು: "ಶ್ರುತಿಗೆ ಏನಂತ ಹೇಳೀರಿ?"

"ಅಪ್ಪ ಊರಿಗೆ ಹೋಗ್ಯಾನ ಅಂದೇನ್ರಿ," ಅಂದಳು ಲಗಮವ್ವ.

ರತ್ನವ್ವ ಬಾಗಿಲು ಸರಿಸಿ ಇಣುಕಿದಳು. ಶ್ರುತಿ ಹೆಗಲಿಗೆ ಬಾಗಲಕೋಟೆಯ ಚೀಲ ಹಾಕಿಕೊಂಡೇ ರಾಟಿ ತಿರುಗಿಸುತ್ತಿದ್ದಳು.

ಮಣ್ಣಿನ ಕಾರ್ಯ ಮಾಡಿಸಲು ಬಂದಿದ್ದ ಸಂಗಯ್ಯ ವಿಭೂತಿಯ ಕೈ ಎತ್ತಿ ತಿದ್ದಿದ: "ಊರಿಗೆ ಹೋದ ಅನಬಾರದವ್ವ. ಲಿಂಗದಾಗ ಐಕ್ಯ ಆದ ಅನಬೇಕು."

"ಅಯ್ಯನವ್ರ, ಆಕಿಗೆ ಊರು ಅಂದ್ರ ಬಸ್ ಸ್ಟ್ಯಾಂಡು. ಐಕ್ಯ ಅಂದ್ರ ಏನೂ ಅಲ್ಲ. ಇದ್ದದ್ದು ಇದ್ದಂಗ ಹೇಳಬೇಕ್ರಿ," ಎಂದು ಶುಭದಾಬಾಯಿ ರತ್ನವ್ವನ ಕಡೆ ತಿರುಗಿದರು. "ನೀವ ಹೇಳ್ರಿ."

"ನನಗ ಬರೂದಿಲ್ರಿ ಬಾಯಾರ. ಎಲ್ಲಾ ಅವರ ನೋಡ್ತಿದ್ರು."

"ನಮಗ್ಯಾರಿಗೂ ಬರತಿದ್ದಿಲ್ಲ. ಐತವಾರ ಕೂಡೂದು ಅದಕ್ಕರಿ. ಸಾಲಿ ಮಕ್ಕಳಿಗಲ್ಲ, ನಮಗ."

ಕೇಳುತ್ತ ನಿಂತಿದ್ದ ಮುರ್ತುಜಸಾಬ ಹೊರಗೆ ಹೋಗಿ ಹಲಗಿಯವರನ್ನು ಓಣಿಯ ತುದಿಗೆ ಕಳಿಸಿದ. ರತ್ನವ್ವ ಒಳಗೆ ಹೋಗಿ, ಗಂಡ ಕೂರುತ್ತಿದ್ದಂತೆ ಕುಕ್ಕರಗಾಲಲ್ಲಿ ಕುಳಿತಳು.

"ಅಪ್ಪ ಸತ್ತಾನವಾ. ಮೈ ತಣ್ಣಗಾಗೇತಿ. ಇನ್ನ ಮಾತಾಡೂದಿಲ್ಲ. ಇವತ್ತ ಮಣ್ಣಾಗ ಇಡ್ತಾರ."

"ಮಣ್ಣಾಗ ಇಡ್ತಾರ," ಅಂದಳು ಶ್ರುತಿ. ಸ್ವಲ್ಪ ಹೊತ್ತಾದ ಮೇಲೆ ರಾಟಿ ನಿಂತಿತು. ಚೀಲ ಗೂಟಕ್ಕೆ ಹೋಯಿತು.

ಪಡಸಾಲೆಗೆ ಬಂದವಳು ಮಂದಿಯ ನಡುವೆ ದಾರಿ ಮಾಡಿಕೊಂಡು ಅಪ್ಪನ ಎದುರು ಕುಳಿತಳು. ಅವನ ಕಾಲಬೆರಳು ಮುಟ್ಟಿದಳು. "ತಣ್ಣಗಾಗೇತಿ," ಅಂದಳು. ಆಮೇಲೆ ಅವನ ಬಾಯನ್ನೇ ನೋಡುತ್ತ ಕರೆದಳು.

"ಶ್ರುತೀ."

ಭಜನೆಯ ತಾಳ ನಿಂತಿತು.

"ಶ್ರುತೀ." ದನಿ ಏರಿತು. ಮುಂಗೈ ಹಲ್ಲಿನತ್ತ ಹೋಗತೊಡಗಿತು. ಲಗಮವ್ವ, "ನಾ ಹೇಳಿದ್ನಿಲ್ಲೋ," ಎಂದು ಗೊಣಗಿ ಹುಡುಗಿಯ ತೋಳು ಹಿಡಿಯಲು ಬಗ್ಗಿದಳು.

"ಓ," ಅಂದಳು ರತ್ನವ್ವ.

ಸಣ್ಣ ದನಿ. ಅಷ್ಟು ಮಂದಿಯ ಎದುರು ಅವಳು ಯಾವತ್ತೂ ಬಾಯಿ ತೆರೆದವಳಲ್ಲ. ಶ್ರುತಿ ತಿರುಗಿ ನೋಡಲಿಲ್ಲ, ಆದರೆ ಕೈ ಅರ್ಧ ದಾರಿಯಲ್ಲಿ ನಿಂತಿತು.

"ಶ್ರುತೀ."

"ಓ."

ಕೈ ಮಡಿಲಿಗೆ ಇಳಿಯಿತು. ಸಂಗಯ್ಯ ದನಿ ತಗ್ಗಿಸಿ ಭಜನೆ ಎತ್ತಿಕೊಂಡ. ಹುಚ್ಚೇಶನ ಮೆರವಣಿಗೆಯ ತುಂಬ ಅವಳು ಕರೆದಳು, ಇವಳು ಓ ಅಂದಳು. ಮಣ್ಣು ಕೊಡುವಾಗಲೂ.

*

ಮಣ್ಣು ಮುಗಿಸಿ ಬಂದವರೆಲ್ಲ ಕಾಲು ತೊಳೆದು ಚದುರಿದರು. ಶುಭದಾಬಾಯಿ ಬಸ್ಸಿಗೆ ಹೊರಟು ನಿಂತರು. ರತ್ನವ್ವನೇ ಕೇಳಿದಳು.

"ಅಮೀನಗಡದಾಗ ಕರದಂಟು ಯಾವ ಅಂಗಡ್ಯಾಗ ಕೊಡಸ್ತಿದ್ರು, ನಿಮಗೇನರ ಗೊತ್ತೈತೇನ್ರಿ?"

"ಶ್ರುತಿಗೆ ಗೊತ್ತಿರ್ತದ. ಆಕೀನ ನಿಮ್ಮನ್ನ ಕರಕೊಂಡು ಹೋಗ್ತಾಳ, ನೋಡ್ರಿ."

ಅವರು ಹೋದ ಮೇಲೆ ರತ್ನವ್ವ ಬಚ್ಚಲಿಗೆ ಹೋದಳು. ಲಗಮವ್ವ ಒಬ್ಬಳೇ ಪಡಸಾಲೆಯಲ್ಲಿ, ತಮ್ಮ ಕುಳಿತಿದ್ದ ಜಾಗದಲ್ಲಿ ದೀಪ ಹಚ್ಚುತ್ತಿದ್ದಳು.

"ಶ್ರುತೀ," ಮಗ್ಗದ ಕೋಣೆಯಿಂದ.

ಬಚ್ಚಲಲ್ಲಿ ನೀರಿನ ಸಪ್ಪಳ.

"ಶ್ರುತೀ."

ಲಗಮವ್ವ ಅತ್ತ ನೋಡಿದಳು, ಇತ್ತ ನೋಡಿದಳು. ಮಂದಿ ಯಾರೂ ಇರಲಿಲ್ಲ.

"ಓ," ಅಂದಳು.

ಒಳಗೆ ರಾಟಿ ತಿರುಗತೊಡಗಿತು. ಲಗಮವ್ವ ಎದ್ದು ಹೋಗಿ, ಅರೆ ಮುಚ್ಚಿದ್ದ ಬಾಗಿಲನ್ನು ದೀಪದ ಬೆಳಕು ಒಳಗೆ ಬೀಳುವಷ್ಟು ತೆರೆದಿಟ್ಟಳು.