ಬಸ್ಸು ಹತ್ತದವರ ಎಣಿಕೆ

"ತಲೆ ಕಡೆ ಸ್ವಲ್ಪ ಎತ್ತಪ್ಪಾ, ಗೋಡೆಗೆ ತಾಗ್ತಿದೆ," ಎಂದು ಮೀಸೆ ಡ್ರೈವರ್ ಕೆಳಗಿನ ಮೆಟ್ಟಿಲಿನಿಂದ ಹೇಳಿದಾಗ ಎಲ್ಲರೂ ಪೆನ್ಸಿಲ್ ಎಂದು ಕರೆಯುವವನು ಹಲ್ಲು ಕಚ್ಚಿ ಶವದ ಪೆಟ್ಟಿಗೆಯನ್ನು ಎದೆಮಟ್ಟಕ್ಕೆ ಎತ್ತಿದ. ಮೂರನೆಯ ಮಹಡಿಯಿಂದ ಇಳಿಯಬೇಕು, ಲಿಫ್ಟ್ ಇಲ್ಲ, ಮೆಟ್ಟಿಲ ತಿರುವಿನಲ್ಲಿ ಬೆಕ್ಕು ಹೊರಳುವಷ್ಟೂ ಅಗಲವಿಲ್ಲ. ಹೊತ್ತ ನಾಲ್ವರಲ್ಲಿ ಇಬ್ಬರಿಗೆ ಸೊಂಟ ನೋವು, ಒಬ್ಬನಿಗೆ ಉಬ್ಬಸ. ಹಿಂದೆ ಬರುತ್ತಿದ್ದ ಭಾವ, ಅಂದರೆ ತೀರಿಕೊಂಡವಳ ಗಂಡ, ಬರಿಗೈಯಲ್ಲೇ ಪೆಟ್ಟಿಗೆಯನ್ನು ಹಿಡಿದವನಂತೆ ಎರಡು ಕೈಯನ್ನೂ ಮುಂದೆ ಚಾಚಿಕೊಂಡಿದ್ದ.

"ಐವತ್ನಾಲ್ಕು ಮೆಟ್ಟಿಲು ಅಂತಿದ್ಲು," ಎಂದ ಭಾವ. "ಮನೆ ನೋಡೋಕೆ ಬಂದ ದಿನಾನೇ ಎಣಿಸಿದ್ಲು. ನಾನು ಅಡುಗೆಮನೆ ನೋಡ್ತಿದ್ದೆ, ಇವಳು ಮೆಟ್ಟಿಲು ಎಣಿಸ್ತಿದ್ಲು."

ಯಾರೂ ನಗಲಿಲ್ಲ, ಆದರೆ ಎಲ್ಲರ ಹೆಗಲೂ ಕೊಂಚ ಸಡಿಲವಾಯಿತು. ಪೆಟ್ಟಿಗೆ ತಿರುವು ದಾಟಿತು.

ಒಳಗೆ ಮಲಗಿದ್ದವಳು ಸಾರಿಗೆ ಇಲಾಖೆಯ ಎಣಿಕೆ ವಿಭಾಗದಲ್ಲಿ ಮೂವತ್ತೊಂದು ವರ್ಷ ಗುಮಾಸ್ತೆಯಾಗಿದ್ದವಳು. ಯಾವ ನಿಲ್ದಾಣದಲ್ಲಿ ಎಷ್ಟು ಜನ ಬಸ್ಸು ಹತ್ತುತ್ತಾರೆಂದು ನಿಂತು ಎಣಿಸುವುದು ಅವಳ ಕೆಲಸ. ಆಫೀಸಿನಲ್ಲಿ ಜವಾನನಿಂದ ಹಿಡಿದು ಮೇಲಿನವರವರೆಗೆ ಎಲ್ಲರಿಗೂ ಅಕ್ಕ. ಹಾಗಾಗಿ ಕನ್ನಡಕದ ಅಂಗಡಿ ಇಟ್ಟುಕೊಂಡು ತಾನಾಯಿತು ತನ್ನ ಪಾಡಾಯಿತು ಎಂದಿದ್ದ ಗಂಡ ಎಲ್ಲರಿಗೂ ಭಾವನಾಗಿಬಿಟ್ಟಿದ್ದ. ಪೆನ್ಸಿಲ್‌ಗೆ ಆ ಹೆಸರಿಟ್ಟವಳೂ ಅವಳೇ. ಕೆಲಸಕ್ಕೆ ಸೇರಿದ ದಿನ ಅವನ ಉದ್ದ, ಸಪೂರ ಮತ್ತು ನೆತ್ತಿಯ ಚೂಪು ಕೂದಲು ನೋಡಿ, "ಕಿವಿಗೆ ಸಿಗಿಸ್ಕೊಂಡು ಓಡಾಡಬಹುದು ಇವನ್ನ," ಅಂದಿದ್ದಳು. ಈಗ ಅವನಿಗೆ ನಲವತ್ತೆಂಟು, ಹೊಟ್ಟೆ ಬಂದಿದೆ, ಅವಳಿಗೆ ಎಂದೂ ಸಿಗದ ಕುರ್ಚಿಯಲ್ಲಿ ವಿಭಾಗದ ಮುಖ್ಯಸ್ಥನಾಗಿ ಕೂತಿದ್ದಾನೆ. ಹೆಸರು ಮಾತ್ರ ಹೋಗಿಲ್ಲ.

ಕೆಳಗೆ ಕಾರಿಗೆ ಒರಗಿ ಇಲಾಖೆಯ ನಿರ್ದೇಶಕರು ಕಾಯುತ್ತಿದ್ದರು. ಕೆಟ್ಟ ಮನುಷ್ಯರಲ್ಲ ಅವರು. ಪೆಟ್ಟಿಗೆ ವ್ಯಾನಿಗೆ ಏರುವವರೆಗೂ ತಲೆ ತಗ್ಗಿಸಿ ನಿಂತಿದ್ದರು, ಭಾವನ ಕೈ ಹಿಡಿದು ಹೇಳಬೇಕಾದದ್ದನ್ನು ಹೇಳಿದರು, ಕಣ್ಣೂ ಒರೆಸಿಕೊಂಡರು. ಆಮೇಲೆ ಪೆನ್ಸಿಲ್‌ನನ್ನು ಪಕ್ಕಕ್ಕೆ ಕರೆದು ಒಂದು ಕಡತ ಕೊಟ್ಟರು.

"ಇವತ್ತು ಕೇಳಬಾರದು, ಗೊತ್ತು. ಆದ್ರೆ ಐದು ಗಂಟೆಗೆ ಮೇಲಿನವರಿಗೆ ಹೋಗ್ಬೇಕು. ಕೊನೇ ಪುಟದಲ್ಲಿ ನಿಮ್ಮದೊಂದು ಸಹಿ, ಅಷ್ಟೇ. ಮಣ್ಣು ಮುಗಿದ ಮೇಲೆ ಮಾಡಿಕೊಡಿ."

ಕಡತದಲ್ಲಿ ಏನಿದೆಯೆಂದು ಪೆನ್ಸಿಲ್‌ಗೆ ಗೊತ್ತಿತ್ತು, ಬರೆದವನೇ ಅವನು. ಸರ್ಕಾರದ ಹೊಸ ನೀತಿ ಬಂದಿತ್ತು: ದಿನಕ್ಕೆ ಹತ್ತು ಜನಕ್ಕಿಂತ ಕಡಿಮೆ ಹತ್ತುವ ನಿಲ್ದಾಣಗಳನ್ನು ತೆಗೆದುಹಾಕಿ ಬಸ್ಸುಗಳ ವೇಗ ಹೆಚ್ಚಿಸತಕ್ಕದ್ದು. ಈಗ ಯಾರೂ ನಿಂತು ಎಣಿಸಬೇಕಾಗಿಲ್ಲ, ಬಸ್ಸಿನೊಳಗಿನ ಟಿಕೆಟ್ ಯಂತ್ರವೇ ಹತ್ತಿದವರ ಲೆಕ್ಕ ಕಳಿಸುತ್ತದೆ. ಹೆದ್ದಾರಿಯಲ್ಲಿ ದೊಡ್ಡಾಸ್ಪತ್ರೆಯ ಎದುರುಗಡೆಯ ನಿಲ್ದಾಣಕ್ಕೆ ಯಂತ್ರ ಕೊಟ್ಟ ಸಂಖ್ಯೆ ಆರು. ಮೇಲಾಗಿ, ರಸ್ತೆಯನ್ನು ಆರು ಪಥಕ್ಕೆ ಅಗಲ ಮಾಡಿದ ಮೇಲೆ ಆ ನಿಲ್ದಾಣದಿಂದ ಆಸ್ಪತ್ರೆಗೆ ದಾಟುವಾಗ ಇಬ್ಬರು ವಾಹನಕ್ಕೆ ಸಿಕ್ಕಿ ಸತ್ತಿದ್ದರು. ದಾಟಲು ಒಂದು ಸಿಗ್ನಲ್ ದೀಪ ಹಾಕಿದರೆ ಪ್ರತಿ ಸಲವೂ ವಾಹನಗಳು ನಲವತ್ತು ಸೆಕೆಂಡು ನಿಲ್ಲಬೇಕು. ನಿಲ್ದಾಣವನ್ನೇ ತೆಗೆದರೆ ದಾಟುವವರೇ ಇರುವುದಿಲ್ಲ. ವೇಗಕ್ಕೆ ವೇಗ, ಸುರಕ್ಷತೆಗೆ ಸುರಕ್ಷತೆ. ನೆಗಡಿಯಾಯಿತೆಂದು ಮೂಗು ಕೊಯ್ದುಕೊಳ್ಳುವ ಈ ಬುದ್ಧಿಯನ್ನು ಪೆನ್ಸಿಲ್ ಒಳ್ಳೆಯ ಭಾಷೆಯಲ್ಲಿ ನಾಲ್ಕು ಪುಟ ಬರೆದಿದ್ದ. ಸಹಿ ಮಾತ್ರ ಮೂರು ದಿನದಿಂದ ಬಿದ್ದಿರಲಿಲ್ಲ.

ಕಡತವನ್ನು ಕಂಕುಳಲ್ಲಿ ಇಟ್ಟುಕೊಂಡು ಅವನು ವ್ಯಾನು ಹತ್ತಿದ.

*

ಕೆಲಸಕ್ಕೆ ಸೇರಿದ ಎರಡನೆಯ ದಿನ ಅಕ್ಕ ಅವನನ್ನು ಮಾರುಕಟ್ಟೆಯ ನಿಲ್ದಾಣಕ್ಕೆ ಕರೆದೊಯ್ದಿದ್ದಳು. ಅವಳ ಕೈಯಲ್ಲಿ ಮಡಚುವ ಸ್ಟೂಲು, ಅವನ ಕೈಯಲ್ಲಿ ಇಲಾಖೆಯ ಅಚ್ಚಾದ ನಮೂನೆ. ಬೆಳಗಿನ ಆರರಿಂದ ಮಧ್ಯಾಹ್ನ ಎರಡರವರೆಗೆ ಬಸ್ಸು ಬಂದಾಗಲೆಲ್ಲ ಎಷ್ಟು ಜನ ಹತ್ತಿದರೆಂದು ಗೀಟು ಎಳೆಯುವುದು. ಹುಡುಗಾಟದ ಕೆಲಸ ಅನ್ನಿಸಿತು ಅವನಿಗೆ. ಎರಡು ಗಂಟೆಗೆ ಕೂಡಿಸಿ, ಇನ್ನೂರ ಹದಿನೇಳು ಎಂದು ಹೆಮ್ಮೆಯಿಂದ ತೋರಿಸಿದ.

ಅಕ್ಕ ನಮೂನೆಯನ್ನು ತೆಗೆದುಕೊಂಡು ಹಿಂದೆ ತಿರುಗಿಸಿದಳು. "ಈ ಕಡೆ ಯಾಕೆ ಖಾಲಿ?"

"ಅಲ್ಲಿ ಏನೂ ಅಚ್ಚಾಗಿಲ್ಲವಲ್ಲ ಅಕ್ಕ."

"ಹತ್ತಿದವರು ಹೆಂಗೋ ಹೋಗಿ ಸೇರ್ತಾರೆ ಮಾರಾಯ. ಹತ್ತದೆ ಇದ್ದವರು ಎಷ್ಟು ಜನ ಅಂತ ನೋಡಿದ್ಯಾ?"

ಅವನು ನೋಡಿರಲಿಲ್ಲ. ಅವಳು ನೋಡಿದ್ದಳು. ಖಾಲಿ ಬೆನ್ನಿನ ಮೇಲೆ ಒಂದೊಂದಾಗಿ ಬರೆದಳು. ಮೆಟ್ಟಿಲು ಎತ್ತರವೆಂದು ಹಿಂದಕ್ಕೆ ಸರಿದ ಮುದುಕಿಯರು: ನಾಲ್ಕು. ತರಕಾರಿ ಮೂಟೆ ಇದೆಯೆಂದು ಕಂಡಕ್ಟರ್ ಹತ್ತಿಸಿಕೊಳ್ಳದವರು: ಏಳು. ಬಸ್ಸು ಸರಿಯಾಗಿ ನಿಲ್ಲದ್ದರಿಂದ ಹಿಂದೆ ಓಡಿ ಕೈಬಿಟ್ಟವರು: ಐದು, ಅದರಲ್ಲಿ ಬಸುರಿ ಒಬ್ಬಳು. ರಸ್ತೆಯ ಆ ಕಡೆಯಿಂದ ದಾಟಲಾಗದೆ ಬಸ್ಸು ಹೋಗುವುದನ್ನು ನೋಡುತ್ತ ನಿಂತವರು: ಹನ್ನೊಂದು. ಅನುಮಾನ ಬಂದಲ್ಲಿ ಎದ್ದು ಹೋಗಿ ಕೇಳಿಯೇ ಬರೆಯುತ್ತಿದ್ದಳು. ಪರರ ವಿಷಯಕ್ಕೆ ಮೂಗು ತೂರಿಸುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಬಸ್ಸು ತಪ್ಪಿಸಿಕೊಂಡ ಒಬ್ಬನಿಗೆ ಅವನ ಹಲ್ಲು ನೋವಿಗೆ ಯಾವ ಡಾಕ್ಟರು ಒಳ್ಳೆಯವರೆಂದೂ ಹೇಳಿ ಬಂದಳು.

ನಮೂನೆಯಲ್ಲಿ ಕೇಳದ್ದನ್ನು ಬರೆಯುವುದು ತಪ್ಪೆಂದು ಮೇಲಿನವರು ಅವಳಿಗೆ ಎರಡು ಬಾರಿ ನೋಟಿಸು ಕೊಟ್ಟರು. ಎರಡಕ್ಕೂ ಅವಳು ಉತ್ತರ ಬರೆದದ್ದು ಆ ನೋಟಿಸಿನ ಬೆನ್ನಿನ ಮೇಲೆಯೇ. ಬಡ್ತಿ ಬರಲಿಲ್ಲ.

*

ವ್ಯಾನು ನಡೆಸುತ್ತಿದ್ದವನು ಮೀಸೆ ಡ್ರೈವರ್. ಬಸ್ಸಿನ ಕೆಲಸದಿಂದ ನಿವೃತ್ತನಾಗಿದ್ದರೂ ಅಕ್ಕನ ಕೊನೆಯ ಪ್ರಯಾಣಕ್ಕೆ ಬೇರೆಯವರು ಸ್ಟಿಯರಿಂಗ್ ಮುಟ್ಟಕೂಡದೆಂದು ಹಟ ಹಿಡಿದು ಕೂತಿದ್ದ. ಹಿಂದೆ ಪೆಟ್ಟಿಗೆಯ ಪಕ್ಕದಲ್ಲಿ ಭಾವ ಮತ್ತು ಪೆನ್ಸಿಲ್.

ದಾರಿಯುದ್ದಕ್ಕೂ ಮೀಸೆಯೇ ಮಾತಾಡಿದ. ಬಸ್ಸುಗಳ ಮೆಟ್ಟಿಲು ತಗ್ಗಿದ ಹಳೆಯ ಕತೆ ಅದು. ಹದಿನೆಂಟು ವರ್ಷದ ಹಿಂದೆ ಹೊಸ ಬಸ್ಸು ಕೊಳ್ಳುವ ಸಭೆಗೆ ಅಕ್ಕ ಬಡಗಿಯಿಂದ ಒಂದು ಮರದ ಪೆಟ್ಟಿಗೆ ಮಾಡಿಸಿಕೊಂಡು ಹೋಗಿದ್ದಳು, ಸರಿಯಾಗಿ ಬಸ್ಸಿನ ಮೊದಲ ಮೆಟ್ಟಿಲಿನಷ್ಟು ಎತ್ತರದ್ದು. ದೊಡ್ಡ ಅಧಿಕಾರಿ ಅದೇನು ಮಹಾ ಎಂದು ಒಂದೇ ಹೆಜ್ಜೆಗೆ ಹತ್ತಿ ನಿಂತರಂತೆ. ಅಕ್ಕ ಅವರನ್ನು ಇಳಿಸಿ, ಒಂದು ಕೈಗೆ ಆಲೂಗಡ್ಡೆ ಚೀಲ ಕೊಟ್ಟು, ಇನ್ನೊಂದು ಕೈಗೆ ಕಸ ಗುಡಿಸುವವಳ ಎರಡು ವರ್ಷದ ಮಗುವನ್ನು ಕೊಟ್ಟು, ಈಗ ಹತ್ತಿ ಸಾರ್ ಎಂದಳಂತೆ. ಮಗು ಅವರ ಕನ್ನಡಕ ಕಿತ್ತುಕೊಂಡಿತು. ಆಲೂಗಡ್ಡೆ ಸಭೆಯ ತುಂಬ ಉರುಳಿತು.

"ಆರು ತಿಂಗಳಲ್ಲಿ ಮೆಟ್ಟಿಲು ಒಂದು ಗೇಣು ಇಳೀತು," ಎಂದ ಮೀಸೆ. "ನಾನು ಓಡಿಸಿದ್ದೀನಲ್ಲ ಆ ಬಸ್ಸನ್ನ. ಹತ್ತೋ ಒಬ್ಬ ಮುದುಕಿಗೂ ಗೊತ್ತಿರಲಿಲ್ಲ ಇದು ಯಾರ ಪುಣ್ಯ ಅಂತ. ನಾನೇ ಹೇಳ್ತಿದ್ದೆ. ನಿನ್ನೆನೂ ಹಳ್ಳಿ ಕಡೆ ಬಸ್ಸಿನ ಕಂಡಕ್ಟರುಗಳಿಗೆಲ್ಲ ಹೇಳಿದ್ದೀನಿ, ಮೂರು ಗಂಟೆಗೆ ಮಣ್ಣು, ಹತ್ತೋರಿಗೆಲ್ಲ ತಿಳಿಸಿ ಅಂತ."

ಭಾವ ಮೊದಲ ಬಾರಿಗೆ ನಕ್ಕ. ಆ ಆಲೂಗಡ್ಡೆಯನ್ನೇ ಆ ವಾರವೆಲ್ಲ ಮನೆಯಲ್ಲಿ ಬೇಯಿಸಿದ್ದಳು, ಅದೂ ತಳ ಹಿಡಿಸಿ, ಎಂದ. ಅವಳ ಅಡುಗೆಯಲ್ಲಿ ತಳ ಹಿಡಿಯದ ಪಾತ್ರೆಯೇ ಇರಲಿಲ್ಲ. ಒಲೆಯ ಮೇಲಿಟ್ಟು ಕಿಟಕಿಯಲ್ಲಿ ನಿಲ್ದಾಣ ನೋಡುತ್ತ ನಿಲ್ಲುತ್ತಿದ್ದಳು. ನಗುತ್ತಲೇ ಅವನ ಮುಖ ಮುದುಡಿತು. ಪೆನ್ಸಿಲ್ ಅವನ ಮಂಡಿಯ ಮೇಲೆ ಕೈ ಇಟ್ಟ. ಕಂಕುಳಲ್ಲಿ ಕಡತ ಒತ್ತುತ್ತಿತ್ತು.

*

ನಾಲ್ಕು ದಿನದ ಹಿಂದೆ ಅವನು ದೊಡ್ಡಾಸ್ಪತ್ರೆಗೆ ಹೋಗಿ ಅಕ್ಕನನ್ನು ನೋಡಿ ಬಂದಿದ್ದ. ಎರಡನೆಯ ಮಹಡಿಯ ವಾರ್ಡು, ಕಿಟಕಿ ಪಕ್ಕದ ಮಂಚ. ಆ ಮಂಚಕ್ಕಾಗಿ ಅವಳು ನರ್ಸಿನ ಹತ್ತಿರ ಜಗಳವಾಡಿದ್ದಳಂತೆ. ಮೂಗಿಗೆ ನಳಿಗೆ ಹಾಕಿದ್ದರು, ಕೈ ಕಡ್ಡಿಯಾಗಿತ್ತು, ಕಣ್ಣು ಮಾತ್ರ ಹೊರಗಿನ ರಸ್ತೆಯ ಮೇಲಿತ್ತು.

"ಬೆಳಗ್ಗೆಯಿಂದ ಆ ಕಡೆ ಅರವತ್ತೆರಡು ಜನ ಇಳಿದ್ರು ಮರಿ. ಹದಿನಾಲ್ಕು ಜನ ದಾಟೋಕಾಗದೆ ಅರ್ಧ ಗಂಟೆ ಮೇಲೆ ನಿಂತಿದ್ರು. ಇನ್ನು ಈ ಕಡೆಯಿಂದ ಪೇಟೆ ಬಸ್ಸಿಗೆ ಹೋಗ್ಬೇಕಾದೋರು, ದಾಟೋ ಧೈರ್ಯ ಇಲ್ಲದೆ ಬಾಡಿಗೆ ಕಾರು ಹಿಡಿದೋರು ಇಪ್ಪತ್ತೊಂದು. ಕಾಯಿಲೆಯವರು ಕಣೋ ಅವರೆಲ್ಲ." ಉಸಿರು ತೆಗೆದುಕೊಂಡಳು. "ಆ ನಿಲ್ದಾಣದ ಎಣಿಕೆ ಯಾವಾಗ?"

ಈಗ ಯಂತ್ರವೇ ಎಣಿಸುತ್ತದೆಂದು ಅವನು ಹೇಳಿದ. ಅವಳಿಗೆ ನಗು ಬಂತು, ನಗುವಿನ ಹಿಂದೆ ಕೆಮ್ಮು ಬಂತು, ನರ್ಸು ಓಡಿ ಬಂದಳು. ಎಲ್ಲ ತಣ್ಣಗಾದ ಮೇಲೆ ಅಕ್ಕ ಅವನನ್ನೇ ನೋಡುತ್ತ ಕೇಳಿದಳು.

"ನೀನು ಒಂದ್ಸಲ ಹೋಗಿ ನಿಂತ್ಯಾ?"

"ನಾಳೆ ಹೋಗ್ತೀನಿ ಅಕ್ಕ."

ಆ ನಾಳೆ ಅವನು ಹೋಗಲಿಲ್ಲ. ಅದರ ಮರುದಿನ ಸಭೆ ಇತ್ತು. ಅದರ ಮಾರನೆಯ ಬೆಳಗ್ಗೆ ಭಾವನ ಫೋನು ಬಂತು. ಸಾಯುವವಳಿಗೆ ಸುಳ್ಳು ಹೇಳಿದೆನೆಂಬುದು ಅವನಿಗೆ ಅಳುವಿಗಿಂತ ಮೊದಲೇ ನೆನಪಾಯಿತು.

*

ದೊಡ್ಡಾಸ್ಪತ್ರೆಗೂ ಸ್ಮಶಾನಕ್ಕೂ ನಡುವೆ ಒಂದೇ ಗೋಡೆ. ಅಲ್ಲಿಯ ಡಾಕ್ಟರುಗಳ ಬಗ್ಗೆ ಊರಿನವರು ಮಾಡುವ ಹಾಸ್ಯಕ್ಕೆಲ್ಲ ಆ ಗೋಡೆಯೇ ಬಂಡವಾಳ. ಎರಡರ ಬಾಗಿಲೂ ಹೆದ್ದಾರಿಗೇ ತೆರೆಯುತ್ತವೆ.

ಗುಂಡಿಯ ಸುತ್ತ ನಿಂತವರನ್ನು ಪೆನ್ಸಿಲ್ ಅಭ್ಯಾಸಬಲದಿಂದ ಎಣಿಸಿದ. ಹೊತ್ತವರು, ಭಾವ, ಅವನ ಅಂಗಡಿಯ ಪಕ್ಕದವರು, ನಿರ್ದೇಶಕರು, ಎಲ್ಲ ಸೇರಿ ಹನ್ನೊಂದು. ಮೂರೂ ಕಾಲಾಯಿತು. ಮೀಸೆ ಮತ್ತೆ ಮತ್ತೆ ಗೇಟಿನ ಕಡೆ ನೋಡಿ ಪೆಚ್ಚಾಗಿದ್ದ.

"ಇಷ್ಟೆಲ್ಲ ಮಾಡಿದವರು," ಎಂದು ನಿರ್ದೇಶಕರು ನಿಜವಾದ ನೋವಿನಿಂದಲೇ ಹೇಳಿದರು. "ಹನ್ನೊಂದೇ ಜನ ಬಂದ್ರಲ್ಲ. ಜನಕ್ಕೆ ನೆನಪೇ ಇರಲ್ಲ."

ಪೆನ್ಸಿಲ್‌ಗೆ ಆ ಮಾತು ಮುಖಕ್ಕೆ ಹೊಡೆದಂತಾಯಿತು. ಹನ್ನೊಂದು ಎನ್ನುವುದು ಸರಿಯಾದ ಸಂಖ್ಯೆ, ಅವನೇ ಎಣಿಸಿದ್ದ. ಆದರೆ ಅದು ನಮೂನೆಯ ಮುಂಬದಿಯ ಸಂಖ್ಯೆ. ಅವನು ಗೇಟಿನತ್ತ ನಡೆದ, ಆಮೇಲೆ ಹೆಚ್ಚುಕಡಿಮೆ ಓಡಿದ.

ಆರು ಪಥಗಳಲ್ಲಿ ಲಾರಿ, ಕಾರುಗಳು ಗೋಡೆ ಕಟ್ಟಿದಂತೆ ಒಂದರ ಹಿಂದೊಂದು ಹೋಗುತ್ತಿದ್ದವು. ಅವುಗಳ ಸಂದಿನಲ್ಲಿ ಆ ಕಡೆಯ ನಿಲ್ದಾಣ ಕಂಡು ಕಂಡು ಮಾಯವಾಗುತ್ತಿತ್ತು. ನಿಲ್ದಾಣದ ತುಂಬ ಜನ. ಊರುಗೋಲಿನ ಮುದುಕಿಯರು, ಮಗು ಎತ್ತಿಕೊಂಡ ಹೆಂಗಸರು, ಕೆಲಸದ ಬಟ್ಟೆಯಲ್ಲೇ ಬಂದ ಗಿರಣಿಯವರು, ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡ ಇಬ್ಬರು ಕಂಡಕ್ಟರುಗಳು. ಕೆಲವರ ಕೈಯಲ್ಲಿ ಹೂವು. ಯಾರೋ ಒಬ್ಬಳು ಎರಡು ಹೆಜ್ಜೆ ಇಳಿದಳು, ಪಕ್ಕದವರು ತೋಳು ಹಿಡಿದು ಹಿಂದಕ್ಕೆಳೆದರು.

ಸಂತೋಷವೋ ದುಃಖವೋ ಪೆನ್ಸಿಲ್‌ಗೇ ಗೊತ್ತಾಗಲಿಲ್ಲ, ಕಣ್ಣಿನಲ್ಲಿ ನೀರು ದಳದಳ ಇಳಿಯಿತು.

ಹಿಂದಿನಿಂದ ಉಳಿದವರೂ ಬಂದರು. ಮೀಸೆ ಒಮ್ಮೆ ನೋಡಿದ, ಬೈಯುತ್ತ ವ್ಯಾನಿನ ಕಡೆ ಓಡಿದ. ಮುಂದಿನ ವೃತ್ತದಲ್ಲಿ ಸುತ್ತು ಹಾಕಿಕೊಂಡು ಆ ಕಡೆ ಹೋಗಿ ಸಾಧ್ಯವಾದಷ್ಟು ಜನರನ್ನು ಕರೆತರುವೆನೆಂದ. ಒಂದು ಸುತ್ತಿಗೆ ಇಪ್ಪತ್ತು ನಿಮಿಷ ಬೇಕು. ನಿರ್ದೇಶಕರು ಗಡಿಯಾರ ನೋಡಿಕೊಂಡರು. ಐದಕ್ಕೆ ಕಡತ ಕಳಿಸಬೇಕಲ್ಲ, ಮಣ್ಣಿನ ಕೆಲಸ ಶುರು ಮಾಡಿರೋಣ, ಅವರು ಬಂದು ಸೇರಿಕೊಳ್ಳಲಿ ಎಂದರು.

"ಬೇಡ," ಎಂದ ಭಾವ. ಜೀವಮಾನದಲ್ಲಿ ಯಾರಿಗೂ ಎದುರಾಡದ ಮನುಷ್ಯ ಅವನು. "ಅವರು ಬರೋವರೆಗೂ ಕಾಯೋಣ. ಅವಳೂ ಅವರಿಗೋಸ್ಕರ ಕಾದಿದ್ದಾಳೆ."

ನಿರ್ದೇಶಕರು ಪೆನ್ಸಿಲ್ ಕಡೆ ತಿರುಗಿದರು. "ಹಾಗಾದ್ರೆ ಸಹಿಯಾದ್ರೂ ಈಗ ಹಾಕಿಕೊಡಿ. ನನ್ನ ಕಾರಿನ ಡ್ರೈವರ್ ಕೈಲಿ ಕಳಿಸ್ತೀನಿ."

"ಎಣಿಕೆ ಇನ್ನೂ ಮುಗಿದಿಲ್ಲ ಸಾರ್," ಎಂದ ಪೆನ್ಸಿಲ್.

ಅವನು ಕಡತ ತೆರೆದು ಕೊನೆಯ ಪುಟವನ್ನು ಎಳೆದು ತೆಗೆದ, ಬೆನ್ನು ಮೇಲಾಗಿ ತಿರುಗಿಸಿ ಗೇಟಿನ ಕಂಬಕ್ಕೆ ಒತ್ತಿ ಹಿಡಿದ. ಜೇಬಿನಿಂದ ಪೆನ್ನು ತೆಗೆದು ಗೀಟು ಎಳೆಯತೊಡಗಿದ. ಲಾರಿ ಅಡ್ಡ ಬಂದಾಗ ತಡೆದು, ಮತ್ತೆ ಬಿಟ್ಟಲ್ಲಿಂದ ಎಣಿಸಿದ. ಊರುಗೋಲಿನವರು ಐದು. ಮಗು ಎತ್ತಿಕೊಂಡವರು ಒಂಬತ್ತು. ಕೂತೇ ಬಿಟ್ಟವರು ಮೂರು. ಒಟ್ಟು ಎಪ್ಪತ್ತಾರು. ಅಷ್ಟರಲ್ಲಿ ಇನ್ನೊಂದು ಬಸ್ಸು ಬಂದು ನಿಂತು ಹೋಯಿತು, ನಿಲ್ದಾಣದಲ್ಲಿ ಜನ ಇನ್ನಷ್ಟಾದರು. ಹತ್ತಿದವರು ಯಾರೂ ಇಲ್ಲ.

ನಿರ್ದೇಶಕರು ಸ್ವಲ್ಪ ಹೊತ್ತು ಅವನು ಬರೆಯುವುದನ್ನು ನೋಡಿದರು. ಆಮೇಲೆ, ಇದೇನು ದೊಡ್ಡ ವಿಷಯ, ನಾನೇ ಹೋಗಿ ಕರೆತರುತ್ತೇನೆ ಎಂಬಂತೆ ಕೋಟಿನ ಗುಂಡಿ ಹಾಕಿಕೊಂಡು ರಸ್ತೆಯ ಅಂಚಿಗೆ ನಡೆದರು. ಬಲಗೈ ಎತ್ತಿ, ಒಂದು ಕಾಲು ಟಾರಿನ ಮೇಲಿಟ್ಟರು. ಲಾರಿ ಹಾರ್ನ್ ಹೊಡೆಯುತ್ತ ಹೋಯಿತು, ಅವರು ಕಾಲು ಹಿಂದಕ್ಕೆ ತೆಗೆದುಕೊಂಡರು. ಮತ್ತೆ ಇಟ್ಟರು, ಮತ್ತೆ ತೆಗೆದರು. ನಾಲ್ಕನೆಯ ಸಲ ಹಾಗೇ ನಿಂತುಬಿಟ್ಟರು, ಎತ್ತಿದ ಕೈ ಇಳಿಸುವುದನ್ನೂ ಮರೆತು. ಆ ಕಡೆಯಿಂದ ಊರುಗೋಲಿನ ಮುದುಕಿಯೊಬ್ಬಳು, ಬರಬೇಡಪ್ಪಾ ಅಲ್ಲೇ ಇರು ಎಂದು ಕೈಸನ್ನೆ ಮಾಡುತ್ತಿದ್ದಳು.

ಪೆನ್ಸಿಲ್ ಪುಟದ ಕೆಳಗೆ ಹೊಸ ಸಾಲು ಹಿಡಿದ. ಈ ಕಡೆ ದಾಟಲಾಗದೆ ನಿಂತವರು: ಒಬ್ಬರು.