ಬಾಲಯೇಸುವಿನ ಬೆನ್ನು

ಕಟಕ್, ಮತ್ತೆ ಕಟಕ್ — ಹಿಂದಿನ ಸೀಟಿನವನು ಉಪ್ಪು ಹಚ್ಚಿದ ಕುಂಬಳಬೀಜ ಒಡೆಯುತ್ತಿದ್ದಾನೆ, ಸಿಪ್ಪೆಯನ್ನು ಎರ್ಲಿಂದಾಳ ಚಪ್ಪಲಿಯ ಹತ್ತಿರಕ್ಕೇ ಉಗಿಯುತ್ತಿದ್ದಾನೆ, ಬೇಕೆಂದೇ, ನಾನಿಲ್ಲೇ ಇದ್ದೇನೆ ಎಂದು ನೆನಪಿಸಲಿಕ್ಕೆ, ಜನ ತುಂಬಿದ ವ್ಯಾನು ಸೇತುವೆಯ ಈಚೆ ನಿಂತು ಎಷ್ಟು ಹೊತ್ತಾಯಿತೋ, ಮುಂದೆ ಆರು ಗಾಡಿ, ಅವುಗಳಾಚೆ ಮರಳಿನ ಮೂಟೆ, ಸೈನಿಕರು, ಒಂದು ನಾಯಿ, ಬಾಲಯೇಸುವಿಗೆ ಆಶೀರ್ವಾದ ಮಾಡಿಸುವ ಮೇಣದಬತ್ತಿ ಹಬ್ಬದ ದಿನವೂ ಈ ನಾಯಿಗೆ ರಜೆ ಇಲ್ಲವೇ, ಮತ್ತು ಅವಳ ಬಲಗೈ ಹೆಬ್ಬೆರಳ ಉಗುರಿನೊಳಗೆ ಬಿಳಿ, ಲಂಗಕ್ಕೆ ಎಷ್ಟು ಉಜ್ಜಿದರೂ ಹೋಗದ ಬಿಳಿ. ಪಕ್ಕದಲ್ಲಿ ಮಗಳು ಯಾರೆತ್ಸಿ, ಎಂಟು ವರ್ಷ, ಮುಂದಿನ ಎರಡು ಹಲ್ಲು ಈಗಷ್ಟೇ ಅರ್ಧ ಮೂಡಿವೆ, ಬಾಲಯೇಸುವಿನ ಬೊಂಬೆಯನ್ನು ನಿಜವಾದ ಕೂಸಿನ ಹಾಗೆ ಎದೆಗವಚಿಕೊಂಡು ಕೂತಿದ್ದಾಳೆ, ಅಮ್ಮಾ, ಇವನು ಎಷ್ಟು ಭಾರ, ನಮ್ಮನೆ ಬಾಲಯೇಸು ಇಷ್ಟು ಭಾರ ಇಲ್ಲ ಅಲ್ವಾ, ಸುಮ್ನಿರು ಪುಟ್ಟಿ, ದೊಡ್ಡವರ ಮನೆ ದೇವರು ಭಾರವಾಗೇ ಇರ್ತಾನೆ. ಎಂಥ ಉತ್ತರ, ಎಂಥ ತಾಯಿ. ಬೆಳಿಗ್ಗೆ ಅವರ ಮನೆಯಿಂದ ಬಂದ ಬೊಂಬೆಗೆ ಬಟ್ಟೆ ತೊಡಿಸುವಾಗಲೇ ತಿಳಿದಿತ್ತಲ್ಲ, ತಾನೇ ಹೊಲಿದ ಬಿಳಿ ಸ್ಯಾಟಿನ್ ಅಂಗಿ, ಅಂಚಿಗೆ ಜರಿ, ಮೂರು ಸಂಜೆ ಬಗ್ಗಿ ಬಗ್ಗಿ ಹಾಕಿದ ಹೊಲಿಗೆ, ತೋಳು ತೂರಿಸಲು ಬೊಂಬೆಯನ್ನು ಮಗುಚಿದಾಗ ಬೆನ್ನಿನ ನಡುವೆ ಅಂಗೈಯಗಲ ಒಂದು ತೇಪೆ, ಉಳಿದ ಮೈಯೆಲ್ಲ ಹಳೆಯ ಗುಲಾಬಿ ಬಣ್ಣ, ಅಲ್ಲಿ ಮಾತ್ರ ಒಳಗೇನೋ ತುಂಬಿ ಮುಚ್ಚಿದ ಹಾಗೆ ಹಸಿ ಪ್ಲಾಸ್ಟರ್, ತಣ್ಣಗೆ, ಹೆಬ್ಬೆರಳು ಒತ್ತಿದರೆ ಉಗುರು ಇಳಿಯಿತು. ಇಳಿಯಿತು, ಅವಳು ಎಳೆದುಕೊಂಡಳು, ಅಂಗಿ ತೊಡಿಸಿದಳು, ಗುಂಡಿ ಹಾಕಿದಳು, ಐದೂ ಗುಂಡಿ. ಬಾಗಿಲಲ್ಲಿ ಆಗಲೇ ಈ ಬೀಜ ತಿನ್ನುವವನು ನಿಂತಿದ್ದ, ಡೋನ್ ಎವೆಲಿಯೊ ಕಳಿಸಿದ್ರು, ಚರ್ಚಿನವರೆಗೂ ಜೊತೆಗಿರು ಅಂದ್ರು, ಇಂಥ ದಿನ ಹೆಣ್ಮಕ್ಕಳನ್ನ ಒಂಟಿಯಾಗಿ ಬಿಡೋಕಾಗುತ್ತಾ ಅಂದ್ರು.

ಡೋನ್ ಎವೆಲಿಯೊ, ಟಯರ್ ಅಂಗಡಿಯವನು, ಟಯರ್ ಬದಲಿಸಲು ಯಾರೂ ಹೋಗದ ಟಯರ್ ಅಂಗಡಿ, ಎದುರಿಗೆ ಸದಾ ನಂಬರಿಲ್ಲದ ಎರಡು ಬೂದು ಗಾಡಿ, ಇಡೀ ಬೀದಿಗೆ ಗೊತ್ತು, ಬೀದಿಯಲ್ಲಿ ಯಾರಿಗೂ ಗೊತ್ತಿಲ್ಲ. ಹೋದ ತಿಂಗಳು ಮೂರು ರಾಜರ ಹಬ್ಬಕ್ಕೆ ಬೀದಿಯ ಮಕ್ಕಳನ್ನೆಲ್ಲ ಕರೆದ, ನಾವು ಹೋಗೋದು ಬೇಡ ಎಂದಿದ್ದಳು ಎರ್ಲಿಂದಾ, ಪಕ್ಕದ ಮನೆಯ ಮುದುಕಿ ಚೋಲೆ ಬೇಲಿಯಾಚೆಯಿಂದಲೇ ಗದರಿದಳು, ಹುಚ್ಚು ಹಿಡಿದಿದೆಯೇನೇ, ಹೋಗ್ಲಿಲ್ಲ ಅಂದ್ರೆ ಯಾಕೆ ಬರ್ಲಿಲ್ಲ ಅಂತ ನೆನಪಿಟ್ಕೋತಾನೆ, ಹೋಗು, ಒಂದು ತುಂಡು ತಿನ್ನು, ನಗು, ವಾಪಸ್ ಬಾ. ಹೋದಳು, ನಕ್ಕಳು. ಮೇಜಿನುದ್ದ ಬಳೆಯಾಕಾರದ ಸಿಹಿ ಬ್ರೆಡ್ಡು, ಮೇಲೆ ಸಕ್ಕರೆ ಹಚ್ಚಿದ ಅಂಜೂರ, ಒಳಗೆಲ್ಲೋ ಹುದುಗಿಸಿದ ಪುಟ್ಟ ಬಿಳಿ ಗೊಂಬೆ, ಗೊಂಬೆ ಯಾರ ತುಂಡಿನಲ್ಲಿ ಸಿಗುತ್ತದೋ ಅವರು ಆ ಮನೆಯ ಬಾಲಯೇಸುವಿಗೆ ಧರ್ಮತಾಯಿ, ಹೊಸ ಬಟ್ಟೆ ಹೊಲಿಸಿ ಚರ್ಚಿಗೆ ಹೊತ್ತು ಆಶೀರ್ವಾದ ಮಾಡಿಸಿಕೊಂಡು ಬರಬೇಕು, ಒಲ್ಲೆ ಎಂದವರನ್ನು ಅವಳು ಹುಟ್ಟಿದ ಮೇಲೆ ಕಂಡಿಲ್ಲ. ಹತ್ತು ಮಕ್ಕಳು ಸಾಲಾಗಿ ನಿಂತಿದ್ದರು, ಯಾರೆತ್ಸಿ ಚಾಕು ಹಿಡಿದಾಗ ಡೋನ್ ಎವೆಲಿಯೊ ತಟ್ಟೆಯನ್ನು ಮೆಲ್ಲಗೆ ತಿರುಗಿಸಿದ, ಬೆರಳಿಟ್ಟು ತೋರಿಸಿದ, ಇಲ್ಲಿ ಕೊಯ್ಯೇ ಮರಿ, ಇಲ್ಲಿ ಅಂಜೂರ ದಪ್ಪಗಿದೆ. ತಿರುಗಿಸಿದ್ದನ್ನು ಅವಳು ನೋಡಿದ್ದಳು. ನೋಡಿಯೂ ಒಳ್ಳೆಯ ಮನುಷ್ಯ ಮಗಳಿಗೆ ಅಂಜೂರ ಕೊಡುತ್ತಿದ್ದಾನೆ ಎಂದುಕೊಂಡಳು, ಥೂ. ಸಿಕ್ತು ಅಮ್ಮಾ, ನಂಗೇ ಸಿಕ್ತು, ಮಗಳು ಕುಣಿದಳು, ಅವನು ಕೈ ತಟ್ಟಿದ, ಎರ್ಲಿಂದಾಳತ್ತ ತಿರುಗಿದ, ಏನ್ ಕೊಮಾದ್ರೆ, ಇನ್ನು ನೀವು ನಾವು ನೆಂಟರಾದ್ವಲ್ಲ, ಹಬ್ಬದೂಟಕ್ಕೆ ತಮಾಲೆ ಕಡುಬು ನಾನು ಮಾಡಿಸ್ತೀನಿ, ಬಟ್ಟೆ ನೀವು ಹೊಲೀರಿ ಸಾಕು, ಆದ್ರೆ ಆಶೀರ್ವಾದ ಮಾತ್ರ ಸೇತುವೆ ಆಚೆ ನಮ್ಮಮ್ಮನ ಚರ್ಚಲ್ಲೇ ಆಗ್ಬೇಕು, ಅಲ್ಲಿ ನಮ್ಮಕ್ಕ ಬಂದು ಮಗು ಕೈಯಿಂದ ದೇವರನ್ನ ಎತ್ಕೋತಾಳೆ. ಕೊಮಾದ್ರೆ. ಕೂಸಿನ ಮೂಲಕ ಬೆಸೆದ ನೆಂಟಸ್ತಿಕೆ, ರಕ್ತಕ್ಕಿಂತ ಗಟ್ಟಿ ಎಂದು ತಾನೇ ಎಷ್ಟು ಸಲ ಮಗಳಿಗೆ ಹೇಳಿಲ್ಲ.

ಈಗ ಎರಡೇ ಗಾಡಿ, ನಾಯಿ ಈರುಳ್ಳಿ ಲಾರಿಯ ಕೆಳಗೆ ಮೂಸುತ್ತಿದೆ, ಅಲ್ಲೇ ಇರು, ಅಲ್ಲೇ ಸಾಯಿ. ಇಳಿದು ಹೇಳಿಬಿಡಲೇ, ಅಯ್ಯಾ ಇದರ ಬೆನ್ನು ನೋಡಿ ಎಂದು, ಹೇಳಿದರೆ ಬೊಂಬೆ ಯಾರ ಕೈಯಲ್ಲಿದೆ, ಮಗಳ ಕೈಯಲ್ಲಿ, ಅಂಗಿ ಯಾರದು, ಹೊಲಿಗೆ ಯಾರದು, ಔಷಧಿ ಅಂಗಡಿಯ ಒಫೀಲಿಯಾ ಹೋದ ವರ್ಷ ಬೆಳಿಗ್ಗೆ ಸೈನಿಕರಿಗೆ ಹೇಳಿದ್ದು ಮಧ್ಯಾಹ್ನದ ಹೊತ್ತಿಗೆ ಡೋನ್ ಎವೆಲಿಯೊನಿಗೆ ತಿಳಿದಿತ್ತು, ಅಂಗಡಿಯ ಬಾಗಿಲು ಇವತ್ತಿಗೂ ತೆರೆದಿಲ್ಲ. ಕಟಕ್ ನಿಂತಿತು. ಬೀಜ ಒಡೆಯುವುದು ನಿಂತಿತು. ವ್ಯಾನಿನ ಬಾಗಿಲು ಸರಿಯಿತು, ಸೈನಿಕ, ಇನ್ನೂ ಹುಡುಗ, ಗದ್ದದ ಮೇಲೆ ಮೊಡವೆ, ಎಲ್ಲಿಗೆ ಸವಾರಿ, ಚರ್ಚಿಗಪ್ಪಾ, ಯಾರ ಬಾಯಿ ಹೇಳಿತು, ಅವಳದೇ. ಅವನ ಕೈ ಬೊಂಬೆಯತ್ತ ಚಾಚಿತು, ಕೊಡು ಪುಟ್ಟಿ, ನೋಡೋಣ ಇವನನ್ನ, ಆ ಬೆರಳುಗಳು ಬೆನ್ನ ಕೆಳಗೆ ಹೋದರೆ, ತೇಪೆ ಇನ್ನೂ ಆರಿಲ್ಲ — ಮುಟ್ಟಬೇಡಿ, ಅಂದಳು ಯಾರೆತ್ಸಿ. ಅರ್ಧ ಹಲ್ಲಿನ ಬಾಯಿ ಬಿಗಿದು, ಹುಬ್ಬು ಗಂಟಿಕ್ಕಿ, ಆಶೀರ್ವಾದ ಆಗೋವರೆಗೂ ಧರ್ಮತಾಯಿ ಒಬ್ಬಳೇ ಎತ್ಕೋಬೇಕು, ನಿಮ್ಮಮ್ಮ ಹೇಳ್ಕೊಟ್ಟಿಲ್ವಾ. ವ್ಯಾನಿನಲ್ಲಿ ಯಾರೋ ನಕ್ಕರು. ಸೈನಿಕನ ಕಿವಿ ಕೆಂಪಾಯಿತು, ಹೇಳ್ಕೊಟ್ಟಿದ್ಲು ತಾಯೀ, ತಪ್ಪಾಯ್ತು, ಎಂದು ತನ್ನ ಬೆರಳ ತುದಿಗೆ ಮುತ್ತಿಟ್ಟು ಬೊಂಬೆಯ ಪಾದಕ್ಕೆ ತಾಗಿಸಿದ, ಶಿಲುಬೆಯ ಗುರುತು ಹಾಕಿಕೊಂಡ, ವ್ಯಾನಿನ ತಗಡಿಗೆ ಎರಡು ಸಲ ಬಡಿದ, ಹೋಗ್ಲಿ ಬಿಡ್ರೋ. ಚಕ್ರ ಉರುಳಿತು, ಕೆಳಗೆ ನದಿ, ಕಂದು ನೀರು, ಅವಳು ಉಸಿರು ಬಿಡಬೇಕು, ಇನ್ನು ಬಿಡಬಹುದು, ಒಂದು ಚರ್ಚು, ಒಂದು ಹನಿ ತೀರ್ಥ, ಆ ಅಕ್ಕನೋ ಯಾವಳೋ ಬಂದು ಎತ್ತಿಕೊಳ್ಳುತ್ತಾಳೆ, ಮುಗಿಯಿತು, ಮಗಳನ್ನು ಕರೆದುಕೊಂಡು ಮನೆಗೆ, ಮನೆ ಬಿಟ್ಟು ಬೇರೆಲ್ಲಾದರೂ. ಕಟಕ್. ಹಿಂದಿನಿಂದ ಉಪ್ಪಿನ ಕೈಯೊಂದು ಬಂದು ಯಾರೆತ್ಸಿಯ ಜಡೆಯನ್ನು ಮೆಲ್ಲಗೆ ಎಳೆಯಿತು, ಭಲೇ ಚೂಟಿ ಕಣೇ ನೀನು, ಡೋನ್ ಎವೆಲಿಯೊಗೆ ಹೇಳ್ತೀನಿ, ನಾವು ದೊಡ್ಡೋರೇ ಯಾರೂ ಇಷ್ಟು ಚೆನ್ನಾಗಿ ಮಾಡ್ತಿರ್ಲಿಲ್ಲ. ಮಗಳು ಹಿಗ್ಗಿದಳು, ಏನು ಚೆನ್ನಾಗಿ ಮಾಡಿದೆ ಎಂದು ಕೇಳಲೂ ಇಲ್ಲ, ಬೊಂಬೆಯ ಅಂಗಿ ಸರಿಪಡಿಸಿದಳು, ಅಮ್ಮಾ, ಬರೋ ವರ್ಷ ನೀಲಿ ಹೊಲೀತೀಯಾ, ಧರ್ಮತಾಯಿ ಅಂದ್ರೆ ಮೂರು ವರ್ಷ ಅಂತೆ, ಮೂರು ವರ್ಷ ನಾನೇ ಹೊರಬೇಕಂತೆ, ಡೋನ್ ಎವೆಲಿಯೊ ಹೇಳಿದ್ರು. ಮೂರು ವರ್ಷ, ಹೌದು, ಪದ್ಧತಿ ಹಾಗೇ, ಅವಳಿಗೂ ಗೊತ್ತು, ನೀಲಿ, ಆಮೇಲೆ ಇನ್ನೊಂದು ಬಣ್ಣ, ಎಂಟು ಒಂಬತ್ತಾಗಿ ಹತ್ತಾಗಿ, ಎರ್ಲಿಂದಾ ಕೈ ನೋಡಿಕೊಂಡಳು, ಹೆಬ್ಬೆರಳು, ಉಗುರು, ಉಗುರಿನೊಳಗೆ ಬಿಳಿ, ಒಣಗಿದೆ, ಗಟ್ಟಿಯಾಗಿದೆ, ಉಗುರಿನೊಳಗೆ ಬಿಳಿ —